ಅತ್ತೆ ಲೆಕ್ಕಕ್ಕಿಲ್ಲ

ನನ್ನ ಬಾಯಿ ಜೋರು. ಅದಕ್ಕೇ ನನಗೆ ಆ ಕೆಲಸ ಸಿಕ್ಕಿದ್ದು. ನಮ್ಮ ಕಡೆಯ ಹೆಂಗಸರಿಗೆ ಎದೆಯ ಕ್ಯಾನ್ಸರ್ ಯಾಕೆ ಬರುತ್ತದೆ, ಬಂದರೆ ಯಾವ ಬಗೆಯದು ಬರುತ್ತದೆ ಎಂದು ತಿಳಿದುಕೊಳ್ಳಲು ಒಂದು ದೊಡ್ಡ ಆಸ್ಪತ್ರೆಯವರು ರಾಬರ್ಟ್‌ಸನ್‌ಪೇಟೆಯಲ್ಲಿ ವಾರಕ್ಕೊಂದು ದಿನ ತಪಾಸಣೆ ಶುರು ಮಾಡಿದ್ದರು. ಗಂಟು ಇದೆ ಎಂದು ಬಂದವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಫಾರಂ ತುಂಬಲು ಒಬ್ಬಳು ಬೇಕಾಗಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಬರಬೇಕು, ಪಿಯುಸಿ ಓದಿರಬೇಕು, ಕೇಳುವಾಗ ನಾಚಿಕೆಪಡಬಾರದು. ಬೇತಮಂಗಲದ ಪಕ್ಕದ ನನ್ನೂರಿನಿಂದ ಬಸ್ಸು ಹತ್ತಿ ಹೋದೆ. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಐದು ನಿಮಿಷ ಮಾತಾಡಿಸಿ, "ನೀವು ಸಂತೆ ನಡುವೆ ನಿಂತು ಮಾತಾಡಿದ್ರೂ ಕೇಳಿಸುತ್ತೆ" ಎಂದು ನಕ್ಕು ಸೇರಿಸಿಕೊಂಡರು.

ಆ ಫಾರಂನಲ್ಲಿ ಇದ್ದ ಪ್ರಶ್ನೆಗಳನ್ನು ಕೇಳಿದರೆ ನೀವೂ ನಗುತ್ತೀರಿ. ಮೈನೆರೆದಾಗ ವಯಸ್ಸೆಷ್ಟು, ಮೊದಲ ಹೆರಿಗೆ ಆದಾಗ ಎಷ್ಟು, ಮಕ್ಕಳೆಷ್ಟು, ಪ್ರತಿ ಮಗುವಿಗೆ ಎಷ್ಟು ತಿಂಗಳು ಹಾಲು ಕುಡಿಸಿದಿರಿ, ಮುಟ್ಟು ನಿಂತಿದ್ದು ಯಾವಾಗ. ನಮ್ಮ ಹೆಂಗಸರಿಗೆ ತಮ್ಮ ವಯಸ್ಸೇ ಗೊತ್ತಿಲ್ಲ, ಮೈನೆರೆದ ವಯಸ್ಸು ಎಲ್ಲಿಂದ ಬರಬೇಕು? "ಬೇತಮಂಗಲ ಕೆರೆ ಕೋಡಿ ಓದ ವರ್ಸ ಕಣಕ್ಕ, ನೀನೇ ಗುಣಿಸ್ಕೋ" ಅಂದವಳೊಬ್ಬಳು. "ಆಲು ಎಷ್ಟು ತಿಂಗ್ಳು ಕುಡಿಸಿದ್ಯೇ" ಎಂದರೆ, "ಮುಂದಿಂದು ಹುಟ್ಟೋಗಂಟ" ಅಂದಳು ಇನ್ನೊಬ್ಬಳು. ಅದಕ್ಕೆ ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದೆಯಲ್ಲಿ ಗಂಟು ಇಟ್ಟುಕೊಂಡು ಬಂದವರು ಹಾಗೆ ನಗುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ನಗಿಸುತ್ತಿದ್ದವಳು ನಾನೇ, ಅದರಲ್ಲಿ ನನಗೊಂದು ಹೆಮ್ಮೆ.

ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ಮನೆಗಳಿಂದ ಬರುತ್ತಿದ್ದ ತಮಿಳು ಹೆಂಗಸರು ನನ್ನನ್ನೇ ಪ್ರಶ್ನೆ ಕೇಳುತ್ತಿದ್ದರು. ಚಿನ್ನದ ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅದಿರಿನ ಕಸ ಸುರಿದ ಸೈನೈಡ್ ದಿಬ್ಬದ ಧೂಳು ಗಾಳಿ ಬೀಸಿದಾಗಲೆಲ್ಲ ಅನ್ನದ ತಟ್ಟೆಗೆ ಬಂದು ಬೀಳುತ್ತದೆ, ಇದು ಅದರಿಂದಲೇ ಬಂದಿದ್ದಾ ಎಂದು. ನನ್ನ ಫಾರಂನಲ್ಲಿ ಧೂಳಿಗೆ ಜಾಗವಿರಲಿಲ್ಲ. ಡಾಕ್ಟರಮ್ಮನನ್ನು ಕೇಳಿದೆ. "ಗೊತ್ತಿಲ್ಲ, ಈ ಅಧ್ಯಯನದಲ್ಲಿ ಅದನ್ನ ನೋಡ್ತಿಲ್ಲ" ಅಂದರು. ನಾನು ಹೊರಗೆ ಬಂದು ಗೊತ್ತಿಲ್ಲ ಎಂದೇ ಹೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು, ನನಗೆ ಫಾರಂ ಮೇಲೆ ಸಿಟ್ಟು ಬಂತು.

ಹನ್ನೊಂದನೆಯ ಪ್ರಶ್ನೆಯ ಬಗ್ಗೆ ಮಾತ್ರ ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ್ದರು. ನಿಮ್ಮ ರಕ್ತಸಂಬಂಧಿಗಳಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಬಂದಿತ್ತಾ? ತಾಯಿ, ಅಜ್ಜಿ, ಅಕ್ಕತಂಗಿ, ಚಿಕ್ಕಮ್ಮ ದೊಡ್ಡಮ್ಮ, ಅಪ್ಪನ ಅಕ್ಕತಂಗಿ, ಇವರೆಲ್ಲ ಲೆಕ್ಕಕ್ಕುಂಟು. ಗಂಡನ ಕಡೆಯವರು ಲೆಕ್ಕಕ್ಕಿಲ್ಲ, ಅವರ ರಕ್ತ ಬೇರೆ. ಬಂದವಳಿಗಲ್ಲದೆ ಅವಳ ರಕ್ತದ ಇನ್ನೊಬ್ಬರಿಗೂ ಬಂದಿದ್ದರೆ ಅವಳ ಮಗಳನ್ನೂ ತಂಗಿಯರನ್ನೂ ಪತ್ರ ಕೊಟ್ಟು ಕರೆಸಿ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಿದ್ದರು. ಒಬ್ಬಳಿಗೇ ಬಂದಿದ್ದರೆ ಒಂದು ಕರಪತ್ರ ಕೊಟ್ಟು ಕಳಿಸುತ್ತಿದ್ದರು. "ಇದೊಂದು ಪ್ರಶ್ನೇನ ಬೇರೆ ಯಾರಿಗೂ ಕೇಳಿಸದ ಹಾಗೆ, ಒಬ್ಬರನ್ನೇ ಒಳಗೆ ಕರ್ಕೊಂಡು ಕೇಳಿ" ಎಂದೂ ಹೇಳಿದ್ದರು. ಒಳಗೆ ಒಂದು ಕೋಣೆ ಇತ್ತು. ಅದರ ತುಂಬ ಹಳೇ ಮಂಚ, ಮುರಿದ ಕುರ್ಚಿ, ಫ್ಯಾನು ಬೇರೆ ಇಲ್ಲ. ಮೊದಲ ಎರಡು ವಾರ ಅಲ್ಲೇ ಕೂತು ಬೆವರು ಸುರಿಸಿದೆ. ಆಮೇಲೆ ಆ ಸೆಕೆಯಲ್ಲಿ ಯಾವಳು ಸಾಯ್ತಾಳೆ ಅಂತ ವರಾಂಡದ ಬೆಂಚಿನಲ್ಲೇ ಕೂತು ಕೇಳತೊಡಗಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ನನ್ನ ತಾಯಿಯ ಒಡಹುಟ್ಟಿದ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಹೊಸದೇನಲ್ಲ, ಹೆಣ್ಣು ಹುಟ್ಟಿದ ದಿನವೇ ಸೋದರಮಾವನನ್ನು ಎಲ್ಲರೂ ರೇಗಿಸಲು ಶುರು ಮಾಡುತ್ತಾರೆ. ಧಾರೆ ಮುಗಿದ ಸಂಜೆ ನನ್ನ ಅಜ್ಜಿ, ನನ್ನನ್ನು ಎತ್ತಿ ಆಡಿಸಿದವಳು, ಪಕ್ಕಕ್ಕೆ ಕರೆದು, "ಇವತ್ತಿಂದ ನಾನು ನಿಂಗೆ ಅತ್ತೆ ಕಣಮ್ಮಿ. ಒರಗ್ನೋರ ಮುಂದೆ ಅಜ್ಜಿ ಗಿಜ್ಜಿ ಅಂದ್ಬಿಟ್ಟೀಯ, ನಗ್ತಾರೆ" ಎಂದಿದ್ದಳು. ಮನೆಯೊಳಗೆ ಅಜ್ಜಿ, ಹೊಸ್ತಿಲು ದಾಟಿದರೆ ನಮ್ಮತ್ತೆ. ಮೂವತ್ತು ವರ್ಷ ಹಾಗೇ ಕರೆದೆ. ಇದು ಗೊತ್ತಿದ್ದವಳು ನಾನು. ಬೇರೆ ಊರಿನಿಂದ ಯಾರಾದರೂ ಬಂದು ಆ ಬೆಂಚಿನಲ್ಲಿ ಕೂತಿದ್ದರೆ ತಪ್ಪಿಗೆ ಒಂದು ನೆಪವಾದರೂ ಇರುತ್ತಿತ್ತು.

ಆ ದಿನ ಮೂವರು ಹೆಂಗಸರು ಒಟ್ಟಿಗೆ ಬಂದರು. ಗಂಟು ಇದ್ದವಳು ಬಂಗಾರಪೇಟೆ ಕಡೆಯ ಹಳ್ಳಿಯವಳು, ಐವತ್ತರ ಹತ್ತಿರದವಳು, ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳು. ಜೊತೆಗೆ ಅವಳ ಒಬ್ಬಳೇ ಮಗಳು, ಇಪ್ಪತ್ತೈದಿರಬೇಕು, ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಕೊರಳಲ್ಲಿ ಅರಿಶಿನದ ದಾರ ಇನ್ನೂ ಹಳದಿ ಮಾಸಿರಲಿಲ್ಲ. ಮೂರನೆಯವಳು ಆ ಮಗಳ ಅತ್ತೆ. ಬೀಗತಿಗೆ ಹುಷಾರಿಲ್ಲ, ಆಸ್ಪತ್ರೆ ಜಾಗ ತನಗೆ ಗೊತ್ತು ಎಂದು ತಾನೇ ಮುಂದೆ ನಿಂತು ಕರೆದುಕೊಂಡು ಬಂದಿದ್ದಳು. ಒಳ್ಳೆಯ ಹೆಂಗಸು, ಚೀಲದಲ್ಲಿ ಮೂವರಿಗೂ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ನನಗೂ ಒಂದು ಹಿಡಿ ಕೊಟ್ಟಳು.

ಹಾಲಿನವಳ ಉತ್ತರ ಬರೆಯುತ್ತಾ ಹೋದ ಹಾಗೆ ನನಗೆ ಸಮಾಧಾನವಾಗುತ್ತಿತ್ತು. ಇಪ್ಪತ್ತು ತುಂಬುವ ಮೊದಲೇ ಮೊದಲ ಮಗು. ಒಟ್ಟು ನಾಲ್ಕು, ಒಬ್ಬೊಬ್ಬರಿಗೂ ಎರಡೆರಡು ವರ್ಷ ಹಾಲು. ದಪ್ಪ ಮೈಯಲ್ಲ, ದಿನವೆಲ್ಲ ಹಸುವಿನ ಹಿಂದೆ ನಡೆಯುವವಳು. ಯಾವುದು ಇದ್ದರೆ ಈ ಕಾಯಿಲೆ ಕಮ್ಮಿ ಅಂತ ನನಗೆ ಕಲಿಸಿದ್ದರೋ ಅದೆಲ್ಲ ಅವಳಲ್ಲಿ ಇತ್ತು. ಇವಳದು ಬರೀ ಗಡ್ಡೆ ಇರುತ್ತೆ ಬಿಡು ಅಂದುಕೊಂಡೆ. ಹನ್ನೊಂದಕ್ಕೆ ಬಂದೆ. ನನ್ನ ಗಂಟಲು ನಿಮಗೆ ಗೊತ್ತಲ್ಲ, ವರಾಂಡಕ್ಕೆಲ್ಲ ಕೇಳಿಸುವ ಹಾಗೆ ಕೇಳಿದೆ.

"ನಿಮ್ಮ ಮನೇಲಿ ಇನ್ಯಾರಿಗಾದ್ರೂ ಇಂಗೆ ಎದೇಲಿ ಗಂಟಾಗಿತ್ತೇನಮ್ಮಾ?"

ಅವಳು ಒಂದು ಸಲ ಪಕ್ಕಕ್ಕೆ ನೋಡಿದಳು. "ನಮ್ಮತ್ತೇಗಾಗಿತ್ತಕ್ಕ. ಉಣ್ಣಾಗಿ ಒಡ್ದು, ಅದ್ರಲ್ಲೇ ತೀರ್ಕೊಂಡ್ರು."

"ಅತ್ತೆ ಅಂದ್ರೆ ಯಾರು? ನಿಮ್ಮಪ್ಪನ ಅಕ್ಕತಂಗೀನಾ?"

"ಅಲ್ಲಕ್ಕ. ನಮ್ಮೆಜಮಾನ್ರ ತಾಯಿ."

"ಗಂಡನ ತಾಯಿ ಲೆಕ್ಕಕ್ಕಿಲ್ಲ ಬಿಡು ತಾಯಿ. ನಿನ್ನ ರಕ್ತದೋರು ಯಾರೂ ಇಲ್ಲ ತಾನೆ?"

"ಯಾರೂ ಇಲ್ಲಕ್ಕ" ಎಂದಳು.

ಇಲ್ಲ ಎಂದು ಬರೆದೆ. ಡಾಕ್ಟರಮ್ಮ ನೋಡಿ ಮೆಚ್ಚಲಿ ಎಂದು ಪಕ್ಕದಲ್ಲಿ ಸಣ್ಣಗೆ "ಅತ್ತೆ – ಲೆಕ್ಕಕ್ಕಿಲ್ಲ" ಎಂದೂ ಬರೆದೆ. ಮಗಳ ಕೈಗೆ ಕರಪತ್ರ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಅಮ್ಮನ ತೋಳು ಹಿಡಿದು ಒಳಗೆ ಹೋದಳು. ನಾನು ಮುಂದಿನವಳನ್ನು ಕರೆದೆ.

ಗಂಟಿನ ಚೂರು ತೆಗೆದು ಬೆಂಗಳೂರಿಗೆ ಕಳಿಸಿದರು. ಕ್ಯಾನ್ಸರೇ. ಅದು ಯಾವ ಬಗೆಯದು ಎಂದು ತಿಳಿಯಲು ಮೂರು ಪರೀಕ್ಷೆ ಮಾಡುತ್ತಾರೆ. ಎರಡು ಹಾರ್ಮೋನಿನವು, ಒಂದು ಬೇರೆಯದು. ಹಾರ್ಮೋನಿನದು ಪಾಸಿಟಿವ್ ಬಂದರೆ ದಿನಕ್ಕೊಂದು ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಓಡಾಡುವವರನ್ನು ನಾನೇ ನೋಡಿದ್ದೇನೆ. ಮೂರನೆಯದು ಪಾಸಿಟಿವ್ ಆದರೆ ಅದಕ್ಕೇ ಅಂತ ಇಂಜೆಕ್ಷನ್ ಇದೆ. ಮೂರೂ ನೆಗೆಟಿವ್ ಆದರೆ ಆ ಮಾತ್ರೆಯೂ ನಾಟುವುದಿಲ್ಲ, ಆ ಇಂಜೆಕ್ಷನ್ನೂ ನಾಟುವುದಿಲ್ಲ. ಆಪರೇಷನ್, ಕೀಮೋ, ನಾವು ಕರೆಂಟು ಅನ್ನುವ ರೇಡಿಯೇಷನ್, ಅಷ್ಟೇ. ಅದು ಬೇಗ ಹರಡುತ್ತದೆ, ಹೋಯಿತು ಅಂದುಕೊಂಡ ಮೇಲೆ ಮತ್ತೆ ಬರುತ್ತದೆ. ಹಾಲಿನವಳದು ಮೂರೂ ನೆಗೆಟಿವ್.

ಅವಳ ಗಂಡ ರಿಪೋರ್ಟ್ ತೆಗೆದುಕೊಂಡು ಹೋದವನು ಅರ್ಧ ಗಂಟೆಯಲ್ಲಿ ವಾಪಸ್ಸು ಬಂದ, ಕೈಯಲ್ಲಿ ಜಿಲೇಬಿ ಪೊಟ್ಟಣ. "ಮೂರಕ್ಕೆ ಮೂರೂ ನೆಗಟೀವ್ ಕಣಮ್ಮ! ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ" ಎಂದು ಬೆಂಚಿನವರಿಗೆಲ್ಲ ಹಂಚಿದ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ನೆಗೆಟಿವ್ ಬರಲಿ ಎಂದು ದೇವರಿಗೆ ಹರಕೆ ಹೊತ್ತವರು ನಾವು. ಅವನ ತಪ್ಪೇನು? ಎರಡನೇ ಜಿಲೇಬಿ ನನ್ನ ಕೈಗಿಟ್ಟ. ನಾನು ಹಿಡಿದುಕೊಂಡು ನಿಂತೆ. ಅದು ಹಾಗಲ್ಲಯ್ಯ ಎಂದು ಹೇಳಲು ಈ ದೊಡ್ಡ ಬಾಯಿಗೆ ಆಗಲಿಲ್ಲ. ಡಾಕ್ಟರಮ್ಮನೇ ಅವನನ್ನು ಒಳಗೆ ಕರೆದು ಹೇಳಿದರು. ಹೊರಗೆ ಬಂದವನು ಉಳಿದ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಹಾಗೇ ಹೊರಟುಹೋದ.

ಅಷ್ಟು ಮಕ್ಕಳಿಗೆ ಹಾಲು ಕುಡಿಸಿದವಳಿಗೆ ಯಾಕೆ ಬಂತು ಎಂದು ನಾನು ಡಾಕ್ಟರಮ್ಮನ ಮೇಲೆ ಜಗಳಕ್ಕೇ ಹೋದೆ. ಬೇಗ ಹೆರುವುದು, ಹೆಚ್ಚು ಹೆರುವುದು ಬೇರೆ ಬಗೆಯವನ್ನು ತಡೆಯುತ್ತದೆ, ಈ ಬಗೆಯದನ್ನು ಅಷ್ಟಾಗಿ ತಡೆಯುವುದಿಲ್ಲ, ಹಾಲು ಕುಡಿಸಿದರೂ ಪೂರ್ತಿ ತಪ್ಪುವುದಿಲ್ಲ, ಕೆಲವು ಮನೆಗಳಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತದೆ ಅಂದರು. "ಆದ್ರೆ ಇವರ ಮನೇಲಿ ಯಾರಿಗೂ ಇಲ್ವಲ್ಲ" ಎಂದು ನನ್ನ ಫಾರಂ ತಿರುವಿ ನೋಡಿದರು. ನಾನು ಎದುರಿಗೇ ನಿಂತಿದ್ದೆ.

ಹದಿನಾಲ್ಕು ತಿಂಗಳು ನರಳಿ ಹಾಲಿನವಳು ತೀರಿಕೊಂಡಳು. ಅವಳೂರು ನಮ್ಮೂರಿಗೆ ದೂರವೇನಲ್ಲ, ಮಣ್ಣಿಗೆ ಹೋದೆ. ಮಗಳು ಆಗ ತುಂಬು ಬಸುರಿ. ಬಸುರಿ ಹೆಣ ನೋಡಬಾರದು ಎಂದು ಅವಳನ್ನು ಎರಡು ಮನೆ ಆಚೆ ಕೂರಿಸಿದ್ದರು. ತಮಟೆ ಸದ್ದು ಕೇಳಿಸುತ್ತಿದ್ದಂತೆ ಅವಳು ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ಅವಳ ಅತ್ತೆ ಬೆನ್ನು ಸವರುತ್ತಾ, "ಅಳಬ್ಯಾಡ ಕಣವ್ವ, ಒಟ್ಟೇಲಿರೋದು ಎದರ್ಕೊಂತದೆ" ಎನ್ನುತ್ತಿದ್ದಳು. ಅದಾಗಿ ಮೂರು ವಾರಕ್ಕೆ ಹೆಣ್ಣುಮಗು ಹುಟ್ಟಿತಂತೆ.

ಆ ಮಗುವಿಗೆ ಹತ್ತು ತಿಂಗಳಾಗಿದ್ದಾಗ ಮಗಳು ಮತ್ತೆ ನಮ್ಮ ಬೆಂಚಿಗೆ ಬಂದಳು. ಈ ಸಲ ಒಬ್ಬಳೇ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು. ಯಾರನ್ನೋ ತೋರಿಸಲು ಬಂದಿರಬೇಕು ಎಂದುಕೊಂಡು, "ಯಾರಿಗಮ್ಮಾ?" ಎಂದೆ. "ನಂಗೇ ಅಕ್ಕ" ಅಂದಳು.

ಹಾಲು ಗಡ್ಡೆ ಕಟ್ಟಿದೆ ಎಂದುಕೊಂಡಿದ್ದಳಂತೆ. ಮಗು ಆ ಕಡೆ ಕುಡಿಯಲು ಹಟ ಮಾಡುತ್ತಿತ್ತು. ಅತ್ತೆ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟಳು, ಆ ಕಡೆ ಹಾಲು ಬತ್ತಲಿ ಎಂದು ಮಲ್ಲಿಗೆ ಹೂ ಕಟ್ಟಿದಳು. ಹಾಲು ಬತ್ತಿತು, ಗಂಟು ಉಳಿಯಿತು. ನಾಲ್ಕು ತಿಂಗಳು ಹೀಗೇ ಹೋಯಿತು. ಕಂಕುಳಲ್ಲೂ ಕೈಗೆ ಸಿಗುತ್ತಿದೆ ಎಂದು ಹೇಳಿ, ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಸೆರಗು ಸರಿಮಾಡಿಕೊಂಡಳು.

ನಾನು ಫಾರಂ ತೆಗೆದೆ. ಯಾಕೋ ಆ ದಿನ ಅವಳನ್ನು ಮುರಿದ ಕುರ್ಚಿಗಳ ಕೋಣೆಗೆ ಕರೆದುಕೊಂಡು ಹೋದೆ. ಮಗು ನನ್ನ ಪೆನ್ನಿಗೆ ಕೈ ಹಾಕುತ್ತಿತ್ತು. ಹನ್ನೊಂದನೆಯದಕ್ಕೆ ಬಂದಾಗ ನಾನು ಕೇಳದೆಯೇ "ತಾಯಿ" ಎಂದು ಬರೆದು ಮುಂದಿನದಕ್ಕೆ ಹೋಗುತ್ತಿದ್ದೆ.

"ಅಜ್ಜೀನೂ ಬರ್ಕೊಳ್ಳಕ್ಕ" ಅಂದಳು.

"ಯಾವ ಅಜ್ಜಿ?"

"ಅಪ್ಪನ ತಾಯಿ. ಎದೆ ಉಣ್ಣಾಗಿ ಸತ್ತೋಯ್ತಲ್ಲ, ಆ ಅಜ್ಜಿ."

"ಅದು ನಿಮ್ಮಪ್ಪನ ಕಡೆ. ನಿಮ್ಮಮ್ಮಂಗೆ ಅತ್ತೆ."

"ಅಮ್ಮಂಗೂ ಅಜ್ಜೀನೇ ಅಲ್ವೇನಕ್ಕ? ಅಪ್ಪ ಅಮ್ಮಂಗೆ ಸೋದರಮಾವ. ಅಮ್ಮನ್ನ ಸಾಕಿದ್ದೇ ಆ ಅಜ್ಜಿ."

ಮಗು ಪೆನ್ನನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು. ನನಗೆ ಬಿಡಿಸಿಕೊಳ್ಳಬೇಕು ಎಂದೂ ಹೊಳೆಯಲಿಲ್ಲ. ಅಯ್ಯೋ ನನ್ನ ಕರ್ಮವೇ! ನನ್ನಂಥದ್ದೇ ಮದುವೆ. ನನ್ನ ಅಜ್ಜಿಯಂಥದ್ದೇ ಅತ್ತೆ. ನಿಮ್ಮೆಜಮಾನ್ರು ನಿಂಗೆ ಮದುವೆಗೆ ಮುಂಚೆ ಏನಾಗಬೇಕಮ್ಮ ಎಂದು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ನಮ್ಮೂರ ಮದುವೆ ಮನೆಯಲ್ಲಿ ಗುರುತಿಲ್ಲದವರು ಪಕ್ಕದಲ್ಲಿ ಊಟಕ್ಕೆ ಕೂತರೂ ಅದನ್ನೇ ಮೊದಲು ಕೇಳುವವಳು ನಾನು.

ಸಂಜೆ ಎಲ್ಲರೂ ಹೋದ ಮೇಲೆ ಕಬ್ಬಿಣದ ಬೀರು ತೆಗೆದು ಹಾಲಿನವಳ ಫಾರಂ ಹುಡುಕಿದೆ. ಹನ್ನೊಂದನೆಯದರ ಎದುರು ನನ್ನದೇ ದುಂಡಗಿನ ಅಕ್ಷರ. ಇಲ್ಲ. ಪಕ್ಕದಲ್ಲಿ ಆ ಜಾಣತನದ ಮಾತು. ಡಾಕ್ಟರಮ್ಮನ ಮುಂದೆ ಇಟ್ಟೆ. ಅವರು ಓದಿ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಅವತ್ತೇ ಬರೆದಿದ್ರೆ ಈ ಹುಡುಗಿ ಉಳೀತಿದ್ಲಾ?" ಎಂದೆ.

"ಆರು ತಿಂಗಳಿಗೊಮ್ಮೆ ನೋಡ್ತಿದ್ವಿ. ಸಣ್ಣದಿದ್ದಾಗಲೇ ಸಿಗ್ತಿತ್ತೇನೋ. ಸಿಕ್ಕಿದ್ರೂ ಈ ಬಗೆಯದರಲ್ಲಿ ಹೇಳೋಕಾಗಲ್ಲ" ಅಂದರು.

ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಹಾಲಿನವಳ ಸಾಲನ್ನು ತೆಗೆದು ತಿದ್ದಿದರು. ಎರಡು ಸಲ ಗುಂಡಿ ಒತ್ತಿದರು, ಇಲ್ಲ ಅನ್ನುವುದು ಹೌದು ಆಯಿತು. ಅಧ್ಯಯನದ ಮಟ್ಟಿಗೆ ನನ್ನ ತಪ್ಪು ಅಲ್ಲಿಗೆ ಸರಿಹೋಯಿತು.

ಮಗಳ ರಿಪೋರ್ಟು ಬಂತು. ಮೂರೂ ನೆಗೆಟಿವ್. ಈ ಸಲ ಅವರ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಕೋಲಾರಕ್ಕೂ ಬೆಂಗಳೂರಿಗೂ ಓಡಾಡಿದಳು. ಬಂಗಾರಪೇಟೆಯಿಂದ ಬೆಳಗಿನ ಟ್ರೈನು, ದಿನಗೂಲಿಗೆ ಹೋಗುವವರ ನಡುವೆ ನಿಂತುಕೊಂಡು. ಕೂದಲು ಉದುರಿತು, ಎದೆ ತೆಗೆದರು, ಕರೆಂಟು ಕೊಟ್ಟರು. ನಡುವೆ ಎರಡು ತಿಂಗಳು ಚೇತರಿಸಿಕೊಂಡಳು ಕೂಡ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಮಗುವಿಗೆ ಕಾಲಂದುಗೆ ಕೊಳ್ಳುತ್ತಾ ಸಿಕ್ಕಳು, ತಲೆಗೆ ಹೂವಿನ ಸ್ಕಾರ್ಫು. "ನೋಡಕ್ಕ, ಕೂದ್ಲು ಬತ್ತಾ ಐತೆ" ಎಂದು ಸ್ಕಾರ್ಫು ಸರಿಸಿ ತೋರಿಸಿದಳು. ಅಂಗಡಿಯವನು ಬೇರೆ ಕಡೆ ನೋಡಿದ. ನಾನು ಅವಳ ತಲೆ ಸವರಿದೆ, ಮೃದುವಾಗಿ ಚುಚ್ಚುತ್ತಿತ್ತು. ಆ ದಿನವೇ ಹೇಳಿಬಿಡಬೇಕು ಎಂದುಕೊಂಡೆ. ಅವಳ ಮುಖ ನೋಡಿ ಆಗಲಿಲ್ಲ. ಆಮೇಲಿನ ತಿಂಗಳು ಸ್ಕ್ಯಾನಿನಲ್ಲಿ ಲಿವರಿಗೂ ಹರಡಿದ್ದು ಕಾಣಿಸಿತು.

ಕೊನೆಗೆ ಹೇಳಿದ್ದು ಅವಳು ಹಾಸಿಗೆ ಹಿಡಿದ ಮೇಲೆ. ಮಧ್ಯಾಹ್ನ ಅವಳ ಅತ್ತೆ ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಮಗು ಅಂಗಳಕ್ಕೂ ಒಳಕ್ಕೂ ಓಡಾಡುತ್ತಿತ್ತು. ಹೊಟ್ಟೆ ಉಬ್ಬಿ, ಕಣ್ಣೆಲ್ಲ ಹಳದಿಯಾಗಿ, ಕೈಕಾಲು ಕಡ್ಡಿಯಾಗಿ ಮಲಗಿದ್ದಳು. ಎಲ್ಲವನ್ನೂ ಹೇಳಿದೆ. ನಾನು ಆ ದಿನ ಸರಿಯಾಗಿ ಕೇಳಿದ್ದರೆ ನಿನ್ನನ್ನು ಆಗಲೇ ಕರೆಸುತ್ತಿದ್ದರು, ನನ್ನಿಂದ ಹೀಗಾಯಿತು, ನನ್ನ ಮುಖಕ್ಕೆ ಉಗಿ ಎಂದೆ. ಅಳು ತಡೆಯದೆ ಅತ್ತುಬಿಟ್ಟೆ. ಅವಳೇ ನನ್ನನ್ನು ಸಮಾಧಾನ ಮಾಡುವ ಗತಿ ಬಂತು.

"ನೀನು ಕೇಳಿದ್ರೂ ಅಮ್ಮ ಯೇಳ್ತಿರ್ಲಿಲ್ಲಕ್ಕ" ಅಂದಳು.

"ಯಾಕೆ?"

"ನಮ್ಮತ್ತೆ ಪಕ್ದಲ್ಲೇ ಕುಂತಿದ್ರಲ್ಲ. ಅಮ್ಮ ಬೇಕಂತಲೇ ಅತ್ತೆ ಅಂದಿದ್ದು. ಇದು ನಮ್ ರಕ್ತದಲ್ಲೈತೆ ಅಂತ ಗೊತ್ತಾದ್ರೆ ನನ್ನ ಇವ್ರ ಮನೇಲಿ ಇಟ್ಕೊಂತಾರಾ, ಮದ್ವೆ ಆಗಿ ನಾಕು ತಿಂಗ್ಳು. ನಂಗೂ ಗೊತ್ತಾಯ್ತು. ನಾನೂ ಸುಮ್ಕಿದ್ದೆ."

ಹಾಲಿನವಳು ಪಕ್ಕಕ್ಕೆ ನೋಡಿದ್ದು ನನಗೆ ಆಗ ನೆನಪಾಯಿತು. ಅವಳು ಬೀಗತಿಯ ಕಡೆ ನೋಡಿದ್ದಳು. ಮಗಳ ಸಂಸಾರ ಉಳಿಯಲಿ ಎಂದು ತನ್ನನ್ನು ಸಾಕಿದ ಅಜ್ಜಿಯನ್ನು ಅತ್ತೆ ಮಾಡಿದಳು. ಗಂಟಲು ಹರಿದುಕೊಂಡು ಅದನ್ನು ಹತ್ತು ಜನರ ಎದುರು ಕೇಳಿದವಳು ನಾನು. ಆ ಕೋಣೆಯಲ್ಲಿ ಫ್ಯಾನಿಲ್ಲ ಎಂದು ಹೊರಗೆ ಕೂತವಳು ನಾನು. ಒಳಗೆ ಕರೆದು ಮೆಲ್ಲಗೆ ಕೇಳಿದ್ದರೆ ಹೇಳುತ್ತಿದ್ದಳು, ನೂರಕ್ಕೆ ನೂರು ಹೇಳುತ್ತಿದ್ದಳು. ಅದನ್ನು ಈ ಹುಡುಗಿಗೆ ಹೇಳಿದೆನಾ? ಇಲ್ಲ. ಅವಳ ಕಾಲು ಒತ್ತುತ್ತಾ ಕೂತೆ.

"ಇವ್ಳನ್ನ ನೋಡ್ಕೋ ಅಕ್ಕ" ಅಂದಳು ಮಗುವಿನ ಕಡೆ ನೋಡಿ. "ಇವ್ಳು ದೊಡ್ಡೋಳಾದ್ಮೇಲೆ ತೋರಿಸ್ಬೇಕು ಅಂತ ಯಾರಾದ್ರೂ ಯೇಳ್ಬೇಕಲ್ಲ. ನೀನು ಯೇಳು."

ಹೇಳ್ತೀನಿ ಎಂದು ಅವಳ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಹತ್ತು ದಿನಕ್ಕೆ ಹೋದಳು. ಅವಳಿಗೆ ಇಪ್ಪತ್ತೆಂಟು ತುಂಬಿರಲಿಲ್ಲ.

ಅಷ್ಟು ಹೊತ್ತಿಗೆ ಅಧ್ಯಯನವೂ ಮುಗಿದಿತ್ತು. ಡಾಕ್ಟರಮ್ಮ ಬೇರೆ ಊರಿಗೆ ಹೋದರು. ಬೀರು, ಬೆಂಚು, ಫಾರಂಗಳನ್ನೆಲ್ಲ ಒಂದು ವ್ಯಾನಿನಲ್ಲಿ ತುಂಬಿಕೊಂಡು ಹೋದರು. ಹೋಗುವ ಮುಂಚೆ ಡಾಕ್ಟರಮ್ಮ, ಆ ಮಗು ಇಪ್ಪತ್ತು ದಾಟುತ್ತಿದ್ದಂತೆ ವರ್ಷ ವರ್ಷ ತೋರಿಸಬೇಕು, ರಕ್ತದ ಪರೀಕ್ಷೆಯನ್ನೂ ಮಾಡಿಸಬೇಕು ಅಂದಿದ್ದರು. ನನ್ನ ಚೀಲದಲ್ಲಿ ಒಂದು ಖಾಲಿ ಫಾರಂ ಉಳಿದಿತ್ತು. ತಿಥಿಯ ಹಿಂದಿನ ದಿನ ಕೂತು ಅದನ್ನು ಆ ಮಗುವಿನ ಹೆಸರಿನಲ್ಲಿ ತುಂಬಿದೆ. ಮೈನೆರೆದ ವಯಸ್ಸು, ಹೆರಿಗೆ, ಮಕ್ಕಳು, ಎಲ್ಲ ಕಡೆ ಗೆರೆ ಎಳೆದೆ. ಹನ್ನೊಂದರ ಎದುರು ಬರೆದೆ: ತಾಯಿ. ತಾಯಿಯ ತಾಯಿ. ಅವಳ ಅತ್ತೆ, ಅವಳಿಗೆ ಅಜ್ಜಿಯೂ ಹೌದು. ಕೆಳಗೆ ಡಾಕ್ಟರಮ್ಮ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದೆ.

ತಿಥಿಯ ದಿನ ಹೊರಗೆ ಪೆಂಡಾಲಿನಲ್ಲಿ ಊಟ ನಡೆಯುತ್ತಿತ್ತು. ಸತ್ತ ಹುಡುಗಿಯ ಅತ್ತೆಯನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಕಾಗದ ಕೊಟ್ಟು, ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಆಕೆಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ವಾಪಸ್ಸು ಇಟ್ಟಳು.

"ಈ ಕಾಗ್ದ ನಮ್ ಮನೇಲಿ ಬ್ಯಾಡ ತಾಯಿ. ಎಣ್ ಮಗ. ನಾಳೆ ಯಾರಾದ್ರೂ ಕೇಳ್ಕೊಂಡು ಬರಾದು ಬ್ಯಾಡ್ವಾ? ಇವ್ಳಿಗೆ ಯಾರೂ ಏನೂ ಯೇಳಾದು ಬ್ಯಾಡ ಅಂತ ಮನೇಲೆಲ್ಲ ಮಾತಾಗೈತೆ. ನಿಮ್ಮಮ್ಮ ಕಾಮಾಲೆ ಬಂದು ಓದ್ಲು ಅಂತ ಯೇಳ್ತೀವಿ. ಕಣ್ಣು ಅಳ್ದಿ ಆಗಿದ್ದು ಊರೆಲ್ಲ ನೋಡವ್ರೆ, ಸುಳ್ಳೇನಲ್ಲ."

"ಹಂಗಂದ್ರೆ ಇವಳೂ ಹೋಗ್ತಾಳಲ್ಲವ್ವ!"

"ನೀನು ಬಾಯಿ ಬಿಡದಿದ್ರೆ ಸಾಕು, ನಿನ್ ಕಾಲಿಗೆ ಬೀಳ್ತೀನಿ" ಎಂದು ನಿಜವಾಗಿಯೂ ಬಗ್ಗಿದಳು. ಆಕೆಯ ಕೈಯಲ್ಲಿ ಮಗುವಿಗೆ ಕಲಸಿದ ಅನ್ನ ಅಂಟಿಕೊಂಡಿತ್ತು. ತಡೆದು ಮೇಲೆತ್ತಿದೆ.

ಹೊರಗೆ ಬಂದರೆ, ಸತ್ತವಳ ತಮ್ಮ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂಕ್ತಿಯ ನಡುವೆ ತಿರುಗಾಡಿಸುತ್ತಿದ್ದ. ಊಟಕ್ಕೆ ಕೂತ ಮುದುಕಿಯೊಬ್ಬಳು, "ಏನ್ಲಾ, ಈಗ್ಲೇ ಎಂಡ್ತಿನ ಎಗಲ್ ಮೇಲೆ ಒತ್ಕೊಂಡಿದೀಯ!" ಎಂದು ರೇಗಿಸಿದಳು. ಪಂಕ್ತಿಯೆಲ್ಲ ನಕ್ಕಿತು. ನನ್ನ ಹಿಂದೆ ಬಂದ ಆ ಅತ್ತೆ ಕೂಡ ಕಣ್ಣು ಒರೆಸಿಕೊಳ್ಳುತ್ತಾ ನಕ್ಕಳು. ಅಷ್ಟು ದಿನದ ಮೇಲೆ ಆ ಮನೆಯಲ್ಲಿ ಮೊದಲ ನಗು. ಎಲ್ಲರ ನಡುವೆ ನಿಂತು ಕೂಗಿ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಎಲೆ ಮುಂದೆ ಕೂತು ಬಡಿಸಿದ್ದನ್ನು ಉಂಡು, ಬಸ್ಸು ಹತ್ತಿ ಮನೆಗೆ ಬಂದೆ.

ಕಾಗದ ಈಗ ನನ್ನ ಟ್ರಂಕಿನಲ್ಲಿದೆ, ನನ್ನ ಧಾರೆ ಸೀರೆಯ ಕೆಳಗೆ. ಆ ಮಗು ಇಪ್ಪತ್ತು ದಾಟುವಾಗ ನನಗೆ ಎಪ್ಪತ್ತು ದಾಟಿರುತ್ತದೆ, ಬದುಕಿದ್ದರೆ. ಆಗ ಹೋಗಿ ಹೇಳೋಣ ಎಂದರೆ ಅವಳು ಯಾವ ಊರಿನಲ್ಲಿ ಇರುತ್ತಾಳೋ, ಆ ಅತ್ತೆ ನನ್ನನ್ನು ಬಾಗಿಲಿಗೆ ಸೇರಿಸುತ್ತಾಳೋ ಇಲ್ಲವೋ. ಇನ್ನೊಂದು ವ್ಯಾನು, ಇನ್ನೊಂದು ಬೆಂಚು, ಇನ್ನೊಂದು ಫಾರಂ ಬರಬಹುದು. ಆ ಹುಡುಗಿ ಸೆರಗಿನೊಳಗೆ ಗಂಟು ಇಟ್ಟುಕೊಂಡು ಆ ಬೆಂಚಿನ ಮೇಲೆ ಕೂತಿರುತ್ತಾಳೆ. ಅವರು ನನಗಿಂತ ಜಾಣರಾಗಿರುತ್ತಾರೆ, ಬಾಗಿಲು ಹಾಕಿಕೊಂಡು, ಮೆಲ್ಲಗೆ, ಸೋದರಮಾವನ ಸಂಬಂಧವನ್ನೂ ಬಿಡಿಸಿ ಕೇಳುತ್ತಾರೆ. ಅವಳು ಯಾರೂ ಇಲ್ಲ ಅನ್ನುತ್ತಾಳೆ. ಅವಳಿಗೆ ಗೊತ್ತಿರುವುದೇ ಅಷ್ಟು.